ಹಿರಿಯರನ್ನು ಕಂಡರೆ ಕೂರುವ ಕಾರು

ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋದ ವರ್ಷ ನಮ್ಮ ಬೀದರಿನ ಮೈಲೂರಿಗೆ ಒಂದೇ ದಿನ ಎರಡು ಸುದ್ದಿ ಬಂದವು. ಇನ್ನು ಮುಂದೆ ನಲ್ಲಿ ನೀರು ಹತ್ತು ದಿನಕ್ಕೊಮ್ಮೆ ಎಂಬುದು ಒಂದು. ವೈಜಿನಾಥ ಕಾರು ತಂದಿದ್ದಾನೆ ಎಂಬುದು ಇನ್ನೊಂದು. ಜನ ಮೊದಲನೆಯದನ್ನು ಕೂಡಲೇ ನಂಬಿದರು.

ವೈಜಿನಾಥ ನನ್ನ ಎದುರು ಮನೆಯವನು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಮೂವತ್ತು ವರ್ಷ ಲೆಕ್ಕ ಕಲಿಸಿದ ಮನುಷ್ಯ ಉತ್ಪ್ರೇಕ್ಷೆ ಮಾಡುವುದಿಲ್ಲ. ಆದ್ದರಿಂದ ಕೆಳಗಿನದೆಲ್ಲ ನಡೆದದ್ದು ನಡೆದಂತೆಯೇ ಇದೆ ಎಂದು ಓದುಗರು ತಿಳಿಯತಕ್ಕದ್ದು.

ಕಾರು ಕೊಡಿಸಿದವನು ವೈಜಿನಾಥನ ಹೆಂಡತಿ ಸುಭದ್ರಾಬಾಯಿಯ ತಮ್ಮ ಪಂಢರಿ. ಅವನು ಔರಾದ ತಾಲೂಕಿನ ಎಕಂಬಾದವನು. ಎರಡು ವರ್ಷ ಮಳೆ ಕೈಕೊಟ್ಟ ಮೇಲೆ ಎಕಂಬಾದ ಅರ್ಧ ಊರು ಹೈದರಾಬಾದಿಗೆ ಎದ್ದು ಹೋಯಿತು. ಪಂಢರಿ ಆ ಅರ್ಧದಲ್ಲಿದ್ದ. ಅಲ್ಲಿ ಒಂದು ದೊಡ್ಡ ಅಪಾರ್ಟ್‌ಮೆಂಟಿಗೆ ವಾಚ್‌ಮನ್ ಆದ. ಅಲ್ಲಿನ ಸಾಹೇಬರೊಬ್ಬರು ತಮ್ಮ ಹಳೆಯ ವಿದೇಶಿ ಕಾರನ್ನು ಮೋಟರ್ ಸೈಕಲ್ಲಿನ ಬೆಲೆಗೆ ಕೊಡಲು ತಯಾರಾಗಿದ್ದರು. ಇಷ್ಟು ಅಗ್ಗ ಏಕೆಂದು ವೈಜಿನಾಥ ಕೇಳಲಿಲ್ಲ. ಸಾಹೇಬರೂ ಹೇಳಲಿಲ್ಲ. ಇಬ್ಬರೂ ಬಹಳ ಸಭ್ಯರು.

ಕಾರಿನ ಅವಶ್ಯಕತೆ ಏನಿತ್ತೆಂದರೆ, ವೈಜಿನಾಥನ ಮಗಳು ಜಗದೇವಿಯ ಮದುವೆ. ಅವಳೂ ಭಾಲ್ಕಿಯ ಮಾಣಿಕನೂ ಒಟ್ಟಿಗೆ ಬಿ.ಎಡ್. ಓದಿದವರು. ಹುಡುಗ ಹುಡುಗಿ ಒಪ್ಪಿ ಎರಡು ವರ್ಷವಾಗಿತ್ತು, ಅವನ ಅಪ್ಪ ಅಮ್ಮ ಒಪ್ಪಿ ಆರು ತಿಂಗಳಾಗಿತ್ತು. ಉಳಿದವರು ಮಾಣಿಕನ ಅಜ್ಜಿ ಕೇಶರಬಾಯಿ ಒಬ್ಬರೇ. ಆಕೆ ಒಪ್ಪದೆ ಆ ಮನೆಯಲ್ಲಿ ಬೆಕ್ಕೂ ಮರಿ ಹಾಕುವುದಿಲ್ಲ ಎಂದು ಕೇಳಿದ್ದೆವು. ಅಂಥವರ ಮುಂದೆ ಬಸ್ಸಿಳಿದು ಧೂಳು ಜಾಡಿಸುತ್ತ ನಿಲ್ಲಬಾರದೆಂದು ವೈಜಿನಾಥ ಕಾರು ಕೊಂಡ.

ಆ ಕಾರಿನ ಹಿಂಭಾಗಕ್ಕೆ ಎಲ್ಲ ಕಾರುಗಳಂತೆ ಸ್ಪ್ರಿಂಗು ಇರಲಿಲ್ಲ. ಗಾಳಿ ತುಂಬಿದ ಎರಡು ರಬ್ಬರ್ ಚೀಲಗಳ ಮೇಲೆ ಅದು ನಿಂತಿತ್ತು. ಇಂಜಿನ್ ಶುರು ಮಾಡಿದರೆ ಒಳಗಿನ ಪಂಪೊಂದು ಗುರ್ ಎಂದು ಚೀಲಕ್ಕೆ ಗಾಳಿ ತುಂಬುತ್ತಿತ್ತು. ಕಾರು ಮೇಲೇಳುತ್ತಿತ್ತು, ಕೂತವರಿಗೆ ಹೂವಿನ ಮೇಲೆ ಹೋದಂತೆ ಆಗುತ್ತಿತ್ತು. ತೊಂದರೆ ಒಂದೇ, ಚೀಲಗಳು ಸೋರುತ್ತಿದ್ದವು. ಇಂಜಿನ್ ಆರಿಸಿದ ಮೂರು ನಿಮಿಷಕ್ಕೆ ಸುಸ್ ಎಂದು ಗಾಳಿ ಹೋಗಿ ಕಾರಿನ ಹಿಂಭಾಗ ನೆಲಕ್ಕೆ ಕೂತುಬಿಡುತ್ತಿತ್ತು. ಇದು ವೈಜಿನಾಥನಿಗೆ ಗೊತ್ತಾದದ್ದು ಎಕಂಬಾದಲ್ಲಿ, ಮಾವನ ಮನೆಯ ಮುಂದೆ, ಇಡೀ ಊರಿನ ಎದುರು.

ಕಾರನ್ನು ಮೊದಲು ಮಾವನಿಗೆ ತೋರಿಸಬೇಕೆಂದು ವೈಜಿನಾಥನೂ ನಾನೂ ಹೈದರಾಬಾದಿನಿಂದ ಎಲ್ಲೂ ನಿಲ್ಲದೆ ನೇರ ಅಲ್ಲಿಗೇ ಹೋಗಿದ್ದೆವು. ಕಾರು ನಿಂತಿತು. ಊರಿನಲ್ಲಿ ಉಳಿದಿದ್ದ ಅರ್ಧ ಜನ ಸುತ್ತ ನೆರೆದರು. ಮಾವ ಕಾಶೀರಾಮರು ಎಂಬತ್ತರವರು. ಕೋಲು ಊರುತ್ತ ಪಡಸಾಲೆಯಿಂದ ಕಾರಿನ ತನಕ ಬರಲು ಅವರಿಗೆ ಮೂರು ನಿಮಿಷ ಬೇಕಾಯಿತು. ಅವರು ಬಂದು ನಿಂತರು, ಕಾರು ಸುಸ್ ಎಂದು ಕೂತಿತು.

"ಏನಾಯ್ತ್ರಿ ಅಳಿಯಂದ್ರ? ಗಾಡಿ ಕುಂತು ಬಿಡ್ತಲ್ಲ?"

ವೈಜಿನಾಥನ ಮುಖ ಬಿಳುಪಾಯಿತು. ಕೆಟ್ಟ ಗಾಡಿ ತಂದೆ ಎಂದು ಹೆಂಡತಿಯ ತವರಿನಲ್ಲಿ ಒಪ್ಪಿಕೊಳ್ಳುವ ಗಂಡಸು ಇನ್ನೂ ಹುಟ್ಟಬೇಕು. ಅವನು ಎರಡು ಸಲ ಕೆಮ್ಮಿದ.

"ಅದು ಅದರ ಸ್ವಭಾವ ರಿ ಮಾವಾರ. ದೊಡ್ಡ ಮಂದಿ ಗಾಡಿ ನೋಡ್ರಿ. ಹಿರ್ಯಾರನ್ನ ಕಂಡ್ರ ಕುಂದರ್ತದ. ಅದಬ್ ರಿ, ಮರ್ಯಾದಿ."

"ನನ್ನ ಕಂಡು ಕುಂತದ?"

"ನಿಮ್ಮನ್ನೇ ಕಂಡು ರಿ."

ಮುದುಕರ ಕಣ್ಣು ತುಂಬಿ ಬಂತು. "ಈ ಮನ್ಯಾಗ ನಾಕ ಮಂದಿ ಗಂಡಸ ಮಕ್ಕಳು, ಎರಡು ಎತ್ತು, ಒಂದು ನಾಯಿ. ಒಂದರೇ ನನ್ನ ಮಾತಿಗಿ ಕುಂತದೇನು? ಗಾಡಿ ಕುಂತದ ನೋಡ್ರಪಾ!"

ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಕಾಶೀರಾಮರಿಗೆ ಊರಲ್ಲಿ ಓರಗೆಯವರಿದ್ದರು, ಅವರಿಗೆಲ್ಲ ಹಟವಿತ್ತು. ಕಾರನ್ನು ಮತ್ತೆ ಶುರು ಮಾಡಿಸಿದರು, ಅದು ಎದ್ದಿತು. ಆರಿಸಿದರು. ದೂರದಿಂದ ಒಬ್ಬ ಮುದುಕ ಬಂದ, ಕೂತಿತು. ಮತ್ತೆ ಎಬ್ಬಿಸಿ ಆರಿಸಿದರು, ಒಬ್ಬ ಮುದುಕಿ ಬಂದಳು, ಕೂತಿತು. ನಡುವೆ ಐವತ್ತು ವರ್ಷದ ಪೈಲವಾನನೊಬ್ಬ ದಾಪುಗಾಲು ಹಾಕುತ್ತ ಬಂದ. ಕಾರು ಅಲ್ಲಾಡಲಿಲ್ಲ. "ವಯಸ್ಸು ಸಾಲದು" ಎಂದು ಸಭೆ ತೀರ್ಮಾನಿಸಿತು. ಮುದುಕರು ನಿಧಾನ ನಡೆಯುತ್ತಾರೆ, ಅವರು ಮುಟ್ಟುವುದರೊಳಗೆ ಗಾಳಿ ಸೋರುತ್ತದೆ, ಹರೆಯದವರು ಗಾಳಿ ಸೋರುವುದರೊಳಗೆ ಮುಟ್ಟುತ್ತಾರೆ. ಇಷ್ಟು ಸರಳ ಲೆಕ್ಕವನ್ನು ನಾನೊಬ್ಬನೇ ಬಿಡಿಸಿದ್ದೆ. ಹೇಳಲು ಬಾಯಿ ತೆರೆದೆ, ವೈಜಿನಾಥ ನನ್ನ ಕಾಲು ತುಳಿದ.

ಸುದ್ದಿ ಎಕಂಬಾದಿಂದ ಬಸ್ಸು ಹತ್ತಿ ಔರಾದಿಗೆ ಹೋಗಿ, ಅಲ್ಲಿ ಕಂಡಕ್ಟರ್ ಬದಲಾಯಿಸಿ, ನಮಗಿಂತ ಮೊದಲೇ ಮೈಲೂರಿಗೆ ಮುಟ್ಟಿತ್ತು. ನಾವು ಬಂದಾಗ ನೆರೆಮನೆಯ ಶಾಲುಬಾಯಿ ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡು ಗೇಟಿನ ಮುಂದೆ ನಿಂತಿದ್ದಳು.

"ಅಣ್ಣಾರ, ನಿಮ್ಮ ಗಾಡಿ ಹಿರ್ಯಾರಿಗಿ ಕುಂದರ್ತದಂತ, ಖರೇ ಏನ್ರಿ? ನಮ್ಮ ಅತ್ತಿಗಿ ಕರ್ಕೊಂಡು ಬರ್ಲ್ಯಾ?"

ಅತ್ತೆ ಬಂದಳು, ಕಾರು ಕೂತಿತು. ಆರು ತಿಂಗಳಿಂದ ಸೊಸೆಯೊಡನೆ ಮಾತು ಬಿಟ್ಟಿದ್ದ ಆ ಅತ್ತೆ ತಿರುಗಿ, "ನೋಡಿ ಕಲಿ" ಎಂದಳು. ಅದೂ ಒಂದು ಮಾತೇ ಎಂದು ಶಾಲುಬಾಯಿ ಸಂತೋಷಪಟ್ಟಳು.

ಮರುದಿನ ಹಿಂದಿನ ಓಣಿಯ ಮುನವ್ವರ ಬೇಗಂ ತನ್ನ ಅತ್ತೆ ಹಮೀದುನ್ನಿಸಾರನ್ನು ಕುರ್ಚಿಯ ಸಮೇತ ಎತ್ತಿಸಿಕೊಂಡು ಬಂದಳು. ಮುನವ್ವರ ಬೇಗಂ ಎಂದರೆ ಆ ವರ್ಷ ಸಾಮಾನ್ಯ ಹೆಂಗಸಲ್ಲ. ಇಡೀ ಬಡಾವಣೆಯಲ್ಲಿ ಬತ್ತದೆ ಉಳಿದಿದ್ದ ಬೋರ್‌ವೆಲ್ ಅವಳೊಬ್ಬಳದೇ. ಹಮೀದುನ್ನಿಸಾರು ತೊಂಬತ್ತು ದಾಟಿದವರು. ಕಾರು ಸುಸ್ ಎಂದಾಗ ಕೈಯೆತ್ತಿ, "ಜೀತೇ ರಹೋ ಬೇಟಾ" ಎಂದು ಅದನ್ನು ಹರಸಿದರು. ಮುನವ್ವರ ಬೇಗಂ ಸೆರಗಿನಿಂದ ಕಣ್ಣೊರೆಸಿಕೊಂಡು, "ಆಜ್‌ಕಲ್ ಮನುಷ್ಯಾರೇ ಸಲಾಂ ಮಾಡಾದಿಲ್ಲ ವೈನಿ" ಎಂದು ಸುಭದ್ರಾಬಾಯಿಗೆ ಹೇಳಿ ಹೋದಳು.

ಶಾಲುಬಾಯಿಗೆ ಮಾತ್ರ ಇದೊಂದು ಚಟವಾಯಿತು. ಕಾರು ಬಂದು ನಿಂತಾಗಲೆಲ್ಲ ಪಟಪಟನೆ ಅದರ ಹತ್ತಿರ ಬಂದು, ಕೂರಲಿಲ್ಲವೆಂದು ಖಾತ್ರಿ ಮಾಡಿಕೊಂಡು, ನಗುತ್ತ ಹೋಗುತ್ತಿದ್ದಳು. ಒಂದು ದಿನ ದಾರಿಯಲ್ಲಿ ನೀರಿನ ಟ್ಯಾಂಕರಿನವನ ಜೊತೆ ಜಗಳಕ್ಕೆ ನಿಂತು ತಡವಾಯಿತು. ಅವಳು ಕಾರಿನ ಮುಂದೆ ಬಂದಳು, ಅದು ಕೂತಿತು. ಶಾಲುಬಾಯಿ ಕೊಡ ಅಲ್ಲೇ ಬಿಟ್ಟು, "ನನಗಿನ್ನಾ ನಲವತ್ತಾರು ರೀ!" ಎಂದು ಅಳುತ್ತ ಮನೆ ಸೇರಿದಳು. ಎರಡು ದಿನ ಹೊರಗೆ ಬರಲಿಲ್ಲ.

ಇಷ್ಟು ಕೀರ್ತಿ ಬಂದ ಮೇಲೆ ವೈಜಿನಾಥನಿಗೆ ತಾನು ಹೇಳಿದ ಸುಳ್ಳನ್ನು ತಾನೇ ನಂಬುವ ಯೋಗ ಕೂಡಿಬಂತು. ಭಾಲ್ಕಿಗೆ ಹೊರಟ ದಿನ ಇಸ್ತ್ರಿ ಅಂಗಿ ತೊಟ್ಟು, ಕಾರಿನ ಬೆನ್ನು ತಟ್ಟಿ, "ಕೇಶರಬಾಯಿ ಆಯಿ ಮುಂದ ಚಂದಾಗಿ ಕುಂದರಬೇಕು ನೋಡು" ಎಂದು ಬುದ್ಧಿ ಹೇಳಿದ. ಜಗದೇವಿ ನನ್ನ ಕಡೆ ನೋಡಿದಳು. ನಾನು ಆಕಾಶ ನೋಡಿದೆ. ಅಲ್ಲೂ ಏನೂ ಇರಲಿಲ್ಲ, ಒಂದು ಮೋಡ ಸಹ.

ದಾರಿಯಲ್ಲಿ ಹವಾಲ್ದಾರ ಬದ್ರೋದ್ದೀನ ಕಾರು ತಡೆದ. ಇಂಜಿನ್ ಆರಿಸಲು ಹೇಳಿ, ಕಾಗದಪತ್ರ ಒಂದೊಂದಾಗಿ ಓದಿದ. ಅಷ್ಟರಲ್ಲಿ ಕಾರು ಕೂತಿತು. ಅವನ ಮೀಸೆ ನೆಟ್ಟಗಾಯಿತು.

"ಡಿಕ್ಕಿ ತೆಗೀರಿ. ಭಾರೀ ಮಾಲ್ ಅದ ಒಳಗ."

ತೆಗೆದರು. ಒಳಗೆ ಒಂದು ಕಿಲೋ ಪೇಡೆ ಇತ್ತು.

"ಒಂದ್ ಕಿಲೋಕ್ಕ ಇಷ್ಟು ಕುಂತದೇನು?"

"ಪೇಡೆಕ್ಕಲ್ರಿ ಸಾಹೇಬ್ರ. ನಿಮ್ಮನ್ನ ಕಂಡು ಕುಂತದ. ಇದು ಹಿರ್ಯಾರಿಗಿ ಕುಂದರೋ ಗಾಡಿ."

ಬದ್ರೋದ್ದೀನ ಸುದ್ದಿ ಕೇಳಿದ್ದ. ಅವನು ಟೋಪಿ ಸರಿಮಾಡಿಕೊಂಡು ಕಾರಿಗೆ ಸೆಲ್ಯೂಟ್ ಹೊಡೆದ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ತಾನಾಗಿ ಮರ್ಯಾದೆ ಕೊಟ್ಟ ಮೊದಲ ವಾಹನ ಅದು ಎಂದು ಹೇಳಿ ನಮ್ಮನ್ನು ಬಿಟ್ಟ.

ಭಾಲ್ಕಿಯಲ್ಲಿ ಮಾಣಿಕನ ಮನೆಯ ಮುಂದೆ ಓಣಿಯೇ ಸೇರಿತ್ತು. ಬಾಗಿಲಲ್ಲಿ ಕೇಶರಬಾಯಿ ನಿಂತಿದ್ದರು. ಎಂಬತ್ತೈದು ವರ್ಷ, ಬೆನ್ನು ಮಾತ್ರ ಕಂಬದಂತೆ ನೆಟ್ಟಗೆ. ವೈಜಿನಾಥ ಇಳಿದವನೇ ಕೈಮುಗಿದು, "ಆಯಿ, ಗಾಡಿ ಕಡಿ ನೋಡ್ತಾ ಇರ್ರಿ" ಎಂದ. ಒಂದು ನಿಮಿಷವಾಯಿತು, ಎರಡಾಯಿತು. ಮೂರನೆಯ ನಿಮಿಷಕ್ಕೆ ಕಾರು ಎಂದಿಗಿಂತ ಚೆನ್ನಾಗಿ, ದೀರ್ಘವಾಗಿ, ಸುಸ್ಸ್ ಎಂದು ಕೂತಿತು. ಓಣಿಯ ಜನ ಚಪ್ಪಾಳೆ ತಟ್ಟಿದರು.

ಕೇಶರಬಾಯಿ ತಟ್ಟಲಿಲ್ಲ.

"ಯಾರಿಗಿ ನೋಡಿ ಕುಂತದ ಇದು?"

"ನಿಮಗ ನೋಡೇ ರಿ ಆಯಿ!"

"ನಾ ಏನು ಮಾಡ್ಲಿಕತ್ತೀನಿ?"

"ನೀವು... ನಿಂತೀರಿ."

"ನಾ ನಿಂತೀನಿ. ಅದು ಕುಂತದ."

ಚಪ್ಪಾಳೆ ನಿಂತಿತು. ವೈಜಿನಾಥನ ಮುಗಿದ ಕೈ ಹಾಗೆಯೇ ಗಾಳಿಯಲ್ಲಿ ಉಳಿಯಿತು.

"ಹಿರ್ಯಾರು ಬಂದ್ರ ಏಳಬೇಕೊ, ಕುಂದರಬೇಕೊ? ನಮ್ಮ ಮಾವ ಹೊರಗಿಂದ ಬಂದ್ರ ನಾ ತುಂಬಿದ ಬಸರಿ ಇದ್ರೂ ಎದ್ದು ನಿಂದರ್ತಿದ್ದೆ. ನಿಮ್ಮ ಗಾಡಿ ನನ್ನ ಮುಂದ ಕುಂಡಿ ಊರಿ, ಮಾರಿ ಮ್ಯಾಲ ಎತ್ತಿ ಕುಂತದ. ಗಾಡಿಗೇ ಹಿಂಗ ಕಲಿಸೀರಿ, ಮಗಳಿಗಿ ಏನ್ ಕಲಿಸಿರಬೇಕು?"

ಆಗ ನಾವೆಲ್ಲ ಕಾರನ್ನು ಮೊದಲ ಸಲ ಮುಂದಿನಿಂದ ನೋಡಿದೆವು. ಹಿಂಭಾಗ ನೆಲಕ್ಕಿಳಿದು, ಮೂಗು ಮೇಲೆದ್ದು, ನಿಜಕ್ಕೂ ಅದು ಜಮೀನ್ದಾರನಂತೆ ಒರಗಿಕೊಂಡಿತ್ತು. ಕೇಶರಬಾಯಿ ಒಳಗೆ ಹೋದರು. ಬಾಗಿಲು ಮುಚ್ಚಿತು. ನಮಗೆ ಯಾರೂ ಕುಡಿಯಲು ನೀರು ಸಹ ಕೊಡಲಿಲ್ಲ. ಆ ಮನೆಗೆ ವಾರದಿಂದ ಟ್ಯಾಂಕರ್ ಬಂದಿರಲಿಲ್ಲ, ಕೊಡಲು ನೀರೇ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಬರುವಾಗ ಕಾರಿನಲ್ಲಿ ಜಗದೇವಿ ಕಿಟಕಿಯ ಕಡೆ ತಿರುಗಿಕೊಂಡೇ ಇದ್ದಳು. ನಾನು ಕಲಿಸಿದ ಹುಡುಗಿ ಅವಳು, ಲೆಕ್ಕ ತಪ್ಪಿದರೂ ಅತ್ತವಳಲ್ಲ. ಅವಳ ಭುಜ ಅಲುಗುವುದನ್ನು ಕಂಡು ನನಗೆ ನಿಜವಾಗಿ ಸಂಕಟವಾಯಿತು. ಎಕಂಬಾದಲ್ಲಿ ನಾನು ಬಾಯಿ ಬಿಡಬೇಕಿತ್ತು. ಕಾಲು ತುಳಿದರೆ ತುಳಿಯಲಿ.

ಮನೆ ಮುಟ್ಟಿದ ಮೇಲೆ ಸುಭದ್ರಾಬಾಯಿ ಗಂಡನಿಗೆ ಒಂದೇ ಮಾತು ಹೇಳಿದಳು. "ಗಾಡಿ ಕೆಟ್ಟದ ಅಂತ ಅಂದಿದ್ರ ನಿಮ್ಮದೇನು ಹೋಗ್ತಿತ್ತು? ಈಗ ನನ್ನ ಮಗಳದು ಹೋಗ್ಲಿಕತ್ತದ."

ಎರಡು ದಿನಕ್ಕೆ ಮಾಣಿಕ ಫೋನು ಮಾಡಿದ. ಅಜ್ಜಿಯ ಕೈಕಾಲು ಹಿಡಿದು ಒಂದೇ ಒಂದು ಅವಕಾಶ ಬೇಡಿದ್ದ. ಬರುವ ಆದಿತ್ಯವಾರ ಇನ್ನೊಂದು ಸಲ ಬರಬಹುದು. ಅದೂ ತಪ್ಪಿದರೆ ಸೋಮವಾರ ಹುಮನಾಬಾದಿನ ಕಡೆಯ ಹೆಣ್ಣನ್ನು ನೋಡಲು ಅಜ್ಜಿ ಮಾತು ಕೊಟ್ಟಾಗಿತ್ತು. ಬಸ್ಸಿನಲ್ಲಿ ಹೋಗೋಣ ಎಂದು ನಾನು ಸೂಚಿಸಿದೆ. ಆದರೆ ಅಜ್ಜಿ ಸ್ಪಷ್ಟವಾಗಿ ಹೇಳಿದ್ದರಂತೆ: "ಅದೇ ಗಾಡಿ ತರಲಿ. ತಪ್ಪು ಮಾಡಿದ್ದು ಅದು."

ವೈಜಿನಾಥ ನೌಬಾದಿನ ದಸ್ತಗೀರ ಮಿಸ್ತ್ರಿಯ ಗ್ಯಾರೇಜಿಗೆ ಕಾರು ಒಯ್ದ. ದಸ್ತಗೀರ ಕಾರಿನ ಕೆಳಗೆ ಮಲಗಿ, ಹತ್ತು ನಿಮಿಷ ತಡಕಿ, ವೈದ್ಯರು ಹೊರಬರುವಂತೆ ಗಂಭೀರವಾಗಿ ಹೊರಬಂದ.

"ಎರಡೂ ಚೀಲ ಒಡದು ಚಿಂದಿ ಆಗ್ಯಾವ ಸಾಬ್. ಹೊಸಾವು ಹೈದರಾಬಾದಿನಾಗ ಸಿಗ್ತಾವ, ಆದ್ರ ಆ ರೊಕ್ಕಕ್ಕ ನಿಮಗ ಇನ್ನೊಂದು ಗಾಡಿ ಬರ್ತದ. ಹವಾ ಮ್ಯಾಲ ಏನ್ ಭರೋಸಾ? ತೆಗದು ಒಗೀರಿ. ಲೋಖಂಡದ ಸ್ಪ್ರಿಂಗ್ ಹಾಕ್ತೀನಿ."

"ಮತ್ತ ಕುಂದರ್ತದೇನು?"

"ಕುಂದರ್ತದಾ?" ದಸ್ತಗೀರನಿಗೆ ಅವಮಾನವಾಯಿತು. "ಕಯಾಮತ್ ತನಕ, ಲೋಕ ಮುಳುಗೂ ತನಕ ನಿಂದರ್ತದ."

ಮೂರು ದಿನ ಕೆಲಸ ನಡೆಯಿತು. ಚೀಲ ಬಿಚ್ಚಿದರು, ಗಾಳಿಯ ನಳಿಗೆ ಬಾಯಿ ಕಟ್ಟಿದರು, ಪಂಪು ಕಿತ್ತರು. ಸ್ಪ್ರಿಂಗಿನ ಸುರುಳಿ ಕೂರಲು ಲೇತ್ ಮಷೀನಿನಲ್ಲಿ ಎರಡು ಬಟ್ಟಲು ಕೊರೆಸಿದರು. ಎಲ್ಲ ಆದ ಮೇಲೆ ಡ್ರೈವರಿನ ಮುಂದಿನ ಮೀಟರಿನ ಗಾಜಿನಲ್ಲಿ ಹಳದಿ ದೀಪವೊಂದು ಹತ್ತಿ ಆರದೆ ಉಳಿಯಿತು. ಗಾಳಿ ಎಲ್ಲಿ ಹೋಯಿತೆಂದು ಕಾರು ಇನ್ನೂ ಹುಡುಕುತ್ತಿತ್ತು. "ವೈನಿ ಹಂತೇಲಿ ಒಂದು ಟಿಕಳಿ ತಗೊಂಡು ಅದರ ಮ್ಯಾಲ ಹಚ್ಚಿಬಿಡ್ರಿ" ಎಂದು ದಸ್ತಗೀರ ಪರಿಹಾರ ಹೇಳಿದ. ಸುಭದ್ರಾಬಾಯಿಯ ಹಣೆಯ ದೊಡ್ಡ ಕೆಂಪು ಟಿಕಳಿ ಅಲ್ಲಿ ಅಂಟಿತು. ದೀಪ ಕಾಣದಾಯಿತು, ಕಾರು ಮುತ್ತೈದೆಯಾಯಿತು.

ಜ್ಯಾಕು ಇಳಿಸಿದಾಗ ಒಂದು ವಿಚಿತ್ರ ಕಂಡಿತು. ಜ್ಯಾಕು ಕೆಳಗೆ ಬಂತು, ಕಾರು ಬರಲಿಲ್ಲ. ಅದರ ಹಿಂಭಾಗ ಮೇಲೆಯೇ ಉಳಿಯಿತು. ಮೂಗು ನೆಲದ ಕಡೆ ಬಾಗಿತ್ತು.

"ದಸ್ತಗೀರ ಭಾಯಿ, ಹಿಂದ ಬಹಳ ಎತ್ತರ ಆಯ್ತಲ್ಲ?"

"ಸ್ಪ್ರಿಂಗ್ ಎಲ್ಲೀದು ಗೊತ್ತದೇನು? ಔರಾದ ರಸ್ತಾದಾಗ ಸೀಟು ಹೊಡೀತಿದ್ದ ಸರ್ವಿಸ್ ಜೀಪಿಂದು. ಹತ್ತು ಮಂದಿ ಗಾಡಿಗಿ ಇಪ್ಪತ್ತೈದು ಮಂದಿ ತುಂಬ್ತಿದ್ರು. ಅಷ್ಟು ಭಾರ ಹೊತ್ತ ಸ್ಪ್ರಿಂಗಿಗಿ ನೀವು ನಾಕು ಮಂದಿ ಕುಂತ್ರ ಸುದ್ದೀನೇ ಹತ್ತಾದಿಲ್ಲ. ಭಾರ ಹಾಕ್ರಿ, ನೆಟ್ಟಗಾಗ್ತದ."

ನೌಬಾದಿನಿಂದ ಮೈಲೂರಿಗೆ ಬರುವಾಗ ನಾನು ಮುನ್ನೂರ ಹನ್ನೊಂದು ಹೊಡೆತ ಎಣಿಸಿದೆ. ಮೊದಲು ಹೂವಿನ ಮೇಲೆ ಹೋಗುತ್ತಿದ್ದ ಕಾರು ಈಗ ಪ್ರತಿ ಬೆಣಚುಕಲ್ಲಿನ ಪರಿಚಯ ಮಾಡಿಸುತ್ತಿತ್ತು. ಸಮತಟ್ಟು ರಸ್ತೆಯಲ್ಲಿಯೂ ಇಳಿಜಾರಿನಲ್ಲಿ ಹೋದಂತೆ ಭಾಸವಾಗಿ, ವೈಜಿನಾಥ ಉದ್ದಕ್ಕೂ ಬ್ರೇಕು ಹಾಕುತ್ತಲೇ ಬಂದ. ಮೈಲೂರಿನಲ್ಲಿ ಹಮೀದುನ್ನಿಸಾರ ಕುರ್ಚಿ ಮತ್ತೆ ಬಂತು. ಅವರು ಅರ್ಧ ತಾಸು ಕಾದರೂ ಕಾರು ಕೂರಲಿಲ್ಲ. "ಬಡ್ತಿ ಸಿಕ್ಕಿರಬೇಕು ಅದಕ್ಕ" ಎಂದರು ಜನ. ಶಾಲುಬಾಯಿ ಮಾತ್ರ ನಾಲ್ಕು ಸಲ ಅದರ ಮುಂದೆ ಹಾದು, ಒಂದು ಸಲ ಬೇಕೆಂದೇ ನಿಧಾನವಾಗಿ ಹಾದು, "ನೋಡ್ರಿ, ನಾ ಮತ್ತ ಸಣ್ಣಾಕಿ ಆದೆ" ಎಂದು ಓಣಿಗೆಲ್ಲ ಸಾರಿದಳು.

ಆದಿತ್ಯವಾರ ಬೆಳಿಗ್ಗೆ ವೈಜಿನಾಥ ಅಂಗಳದಲ್ಲಿ ಇಟ್ಟಿಗೆ, ಒಡೆದ ಒರಳು, ಬೀಸುವ ಕಲ್ಲು ಎಲ್ಲ ಒಟ್ಟು ಹಾಕುತ್ತಿದ್ದ. ಭಾರ ಬೇಕಿತ್ತಲ್ಲ. ಹಿಂಭಾಗ ಮೇಲೆತ್ತಿಕೊಂಡು ಕೇಶರಬಾಯಿಯ ಮುಂದೆ ನಿಲ್ಲಲು ಅವನಿಗೆ ಧೈರ್ಯವಿರಲಿಲ್ಲ.

"ಬೀಗರ ಮನಿಗಿ ಕಲ್ಲು ಹೊತಗೊಂಡು ಹೋಗ್ತೀರೇನು?" ಎಂದಳು ಸುಭದ್ರಾಬಾಯಿ. "ಅವರ ಮನ್ಯಾಗ ಚಾ ಮಾಡ್ಲಿಕ್ಕಿ ನೀರಿಲ್ಲಂತ ಮಾಣಿಕ ಅಂದಾನ. ಭಾರ ಬೇಕಾದ್ರ ನೀರು ಹಾಕ್ರಿ."

ಇಷ್ಟು ದಿನ ಈ ಕಥೆಯಲ್ಲಿ ಬುದ್ಧಿಯ ಮಾತು ಬಂದದ್ದು ಇದೇ ಮೊದಲು. ಸುಭದ್ರಾಬಾಯಿ ನೇರ ಮುನವ್ವರ ಬೇಗಂ ಮನೆಗೆ ಹೋದಳು. ಬೋರಿನ ನೀರನ್ನು ಯಾರಿಗೂ ಒಂದು ಕೊಡಕ್ಕಿಂತ ಹೆಚ್ಚು ಕೊಡದ ಮುನವ್ವರ ಬೇಗಂ, "ನಮ್ಮ ಅತ್ತಿಗಿ ಸಲಾಂ ಮಾಡಿದ ಗಾಡಿ ಅದು, ಕೇಳ್ಬೇಕೇನು ವೈನಿ?" ಎಂದು ಇಪ್ಪತ್ತು ಲೀಟರಿನ ಇಪ್ಪತ್ತು ಕ್ಯಾನು ತುಂಬಿಸಿದಳು. ನಾನೂರು ಕಿಲೋ. ಹನ್ನೆರಡು ಡಿಕ್ಕಿಯಲ್ಲಿ, ಎಂಟು ಹಿಂದಿನ ಸೀಟಿನಲ್ಲಿ. ಕಾರು ಮೆಲ್ಲಗೆ ಇಳಿದು, ಇಳಿದು, ನೆಲಕ್ಕೆ ಸರಿಯಾಗಿ ಸಮಾನಾಂತರವಾಗಿ ನಿಂತಿತು. ಅದು ಕೂತದ್ದನ್ನು ಕಂಡವರಿದ್ದರು, ಬಾಗಿದ್ದನ್ನು ಕಂಡವರಿದ್ದರು. ಎಲ್ಲ ಕಾರುಗಳಂತೆ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಜನ ಬಂದು ನೋಡಿ ಹೋದರು.

ಒಂದು ಸಣ್ಣ ತೊಂದರೆಯಾಯಿತು. ಹಿಂದಿನ ಸೀಟಿನಲ್ಲಿ ಕ್ಯಾನುಗಳಿದ್ದುದರಿಂದ ಸುಭದ್ರಾಬಾಯಿಗೂ ಜಗದೇವಿಗೂ ಜಾಗವಿರಲಿಲ್ಲ. ಬಸ್ಸಿಗೆ ಹೋಗಬಾರದೆಂದು ಕಾರು ಕೊಂಡವನ ಹೆಂಡತಿಯೂ ಮಗಳೂ ಬಸ್ಸಿಗೆ ಹೋದರು. ನಾವಿಬ್ಬರು ನೀರಿನ ಜೊತೆ ಹೊರಟೆವು.

ದಾರಿಯಲ್ಲಿ ಬದ್ರೋದ್ದೀನ ದೂರದಿಂದಲೇ ಗುರುತಿಸಿ, ಟೋಪಿ ಸರಿಮಾಡಿಕೊಂಡು ಕಾದಿದ್ದ. ಇಂಜಿನ್ ಆರಿತು. ಐದು ನಿಮಿಷವಾದರೂ ಕಾರು ಕೂರಲಿಲ್ಲ. ಅವನ ಮುಖ ಸಪ್ಪಗಾಯಿತು.

"ನನ್ನ ಟ್ರಾನ್ಸ್‌ಫರ್ ಆರ್ಡರ್ ನಿನ್ನೇನೇ ಬಂದದ. ಗಾಡಿಗೂ ಗೊತ್ತಾಗಿ ಬಿಡ್ತೇನ್ರಿ?"

ಭಾಲ್ಕಿಯಲ್ಲಿ ಅದೇ ಓಣಿ, ಅದೇ ಬಾಗಿಲು, ಅದೇ ನೆಟ್ಟಗಿನ ಬೆನ್ನು. ಬಸ್ಸಿನಲ್ಲಿ ಬಂದವರು ಆಗಲೇ ಮುಟ್ಟಿ ಒಂದು ಪಕ್ಕಕ್ಕೆ ನಿಂತಿದ್ದರು. ಈ ಸಲ ಯಾರೂ ಚಪ್ಪಾಳೆಗೆ ಕೈ ಎತ್ತಿರಲಿಲ್ಲ. ವೈಜಿನಾಥ ಇಳಿದು ಕೈಕಟ್ಟಿ ನಿಂತ. ಮೂರು ನಿಮಿಷವಾಯಿತು. ಜಗದೇವಿ ಕಣ್ಣು ಮುಚ್ಚಿಕೊಂಡಳು. ಕಾರು ಅಲುಗಲಿಲ್ಲ. ಕೇಶರಬಾಯಿ ಇನ್ನೂ ಮೂರು ನಿಮಿಷ ಕಾದರು.

"ನಿಂತದ."

"ನಿಂತದ್ರಿ ಆಯಿ."

"ಬರೇ ನಿಂತ್ರ ಏನಾಯ್ತು? ಮನಿ ಗ್ವಾಡಿನೂ ನಿಂದರ್ತದ."

ವೈಜಿನಾಥ ಹೋಗಿ ಡಿಕ್ಕಿ ತೆರೆದು ಒಂದು ಕ್ಯಾನು ಹೆಗಲಿಗೇರಿಸಿದ. "ಮನ್ಯಾಗ ನೀರಿಲ್ಲಂತ ಕೇಳಿದ್ವಿರಿ. ಎಲ್ಲಿ ಇಡಲಿ?"

ಮಾಣಿಕ ಓಡಿಬಂದ. ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಬಹುದೆಂದು ಹೇಳಿದ. ವೈಜಿನಾಥ ಕೇಳಲಿಲ್ಲ, ಒಂದೊಂದನ್ನೂ ತಾನೇ ಹೊತ್ತ. ಐದನೆಯ ಕ್ಯಾನು ಇಳಿದಾಗ ಕಾರಿನ ಹಿಂಭಾಗ ಎರಡು ಬೆರಳು ಎದ್ದದ್ದನ್ನು ಓಣಿ ಗಮನಿಸಿತು. ಹತ್ತಕ್ಕೆ ಒಂದು ಗೇಣು ಎದ್ದಿತು, ಮೂಗು ಇಳಿಯಿತು. ಹದಿನೈದಕ್ಕೆ ಜನ ಒಂದು ಹೆಜ್ಜೆ ಮುಂದೆ ಬಂದರು. ವೈಜಿನಾಥನ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿತ್ತು, ಅವನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಇಪ್ಪತ್ತನೆಯ ಕ್ಯಾನು ಬಾಗಿಲು ದಾಟಿದಾಗ ಕಾರು ಕೇಶರಬಾಯಿಯ ಪಾದದ ಕಡೆ ಪೂರ್ತಿ ತಲೆಬಾಗಿ ನಿಂತಿತ್ತು.

ಕೇಶರಬಾಯಿ ಮೆಟ್ಟಿಲು ಇಳಿದು ಬಂದರು. ಬಾನೆಟ್ಟಿನ ಮೇಲೆ ಕೈಯಿಟ್ಟರು.

"ಸಾಕ್ ಏಳು ಮಗಾ," ಎಂದರು. ಬಳಿಕ ವೈಜಿನಾಥನ ಕಡೆ ತಿರುಗಿದರು. "ಯಾರು ಕಲಿಸಿದ್ರು ಇದಕ್ಕ?"

ವೈಜಿನಾಥ ಆಗಷ್ಟೇ ಹೊರಬಂದು ಕಾರನ್ನು ನೋಡಿದ್ದ. ಅವನ ಬಾಯಿಯ ತುದಿಗೆ ಒಂದು ಅದ್ಭುತವಾದ ಸುಳ್ಳು ಬಂದದ್ದು ನನಗೆ ಸ್ಪಷ್ಟವಾಗಿ ಕಂಡಿತು. ನಾನು ಕಾಲು ತುಳಿಯಲು ಸಿದ್ಧನಾದೆ. ಆದರೆ ಅವನು ಮಗಳ ಕಡೆ ನೋಡಿದ.

"ಯಾರೂ ಕಲಿಸಿಲ್ರಿ ಆಯಿ. ಮೊದಲ ಇದರ ಗಾಳಿ ಚೀಲ ಒಡದಿತ್ತು, ಅದಕ್ಕ ಕುಂದರ್ತಿತ್ತು. ನಾ ಮಂದಿ ಮುಂದ ದೊಡ್ಡಸ್ತಿಕಿ ಹೇಳ್ದೆ. ಈಗ ನೌಬಾದಿನ ಮಿಸ್ತ್ರಿ ಜೀಪಿನ ಸ್ಪ್ರಿಂಗ್ ಹಾಕ್ಯಾನ, ನೀರಿಳದು ಹಗುರಾಗಿ ಹಿಂದ ಎದ್ದದ. ಗಾಡಿಗಿ ಮರ್ಯಾದಿ ಗಿರ್ಯಾದಿ ಏನೂ ಗೊತ್ತಿಲ್ರಿ. ನನ್ನ ಮಗಳಿಗಿ ಗೊತ್ತದ."

ಕೇಶರಬಾಯಿ ಅವನ ಒದ್ದೆ ಅಂಗಿಯನ್ನು ದಿಟ್ಟಿಸಿದರು.

"ಹಿರ್ಯಾರ ಮುಂದ ಸುಳ್ಳ ಹೇಳಬ್ಯಾಡ್ರಿ," ಎಂದರು. "ನೀರು ಕೊಟ್ಟವರು ಮಾರಿ ಎತ್ತಿ ನಿಂದರೋ ವರ್ಷ ಇದು. ಟ್ಯಾಂಕರಿನವ ಹ್ಯಾಂಗ ನಿಂದರ್ತಾನ ನೋಡೀನಿ ನಾ. ನಿಮ್ಮ ಗಾಡಿ ನೀರು ಕೊಟ್ಟು ತಲಿ ಬಗ್ಗಿಸ್ಯದ. ಇಂಥಾ ಮನಿ ಹುಡುಗಿ ನಮಗ ಬೇಕು. ಮಾಣಿಕ್ಯಾ, ಹುಮನಾಬಾದಿಗಿ ಫೋನ್ ಮಾಡಿ ಬರಾದಿಲ್ಲಂತ ಹೇಳು. ಸುಭದ್ರಾಬಾಯಿ, ಒಳಗ ಬರ್ರಿ. ಚಾಕ್ಕ ನೀರು ಬಂದದ."

ಜಗದೇವಿ ಬಾಗಿ ಅಜ್ಜಿಯ ಕಾಲು ಮುಟ್ಟಿದಳು. ಮಾಣಿಕ ಕುಣಿಯುವುದನ್ನು ಹೇಗೋ ತಡೆದುಕೊಂಡ. ನಾನು ಗಣಿತದವನಾದರೂ ಕಣ್ಣೊರೆಸಿಕೊಂಡೆ.

ವೈಜಿನಾಥನಿಗೆ ಮಾತ್ರ ಅದೇ ಗಳಿಗೆಗೆ ಇಪ್ಪತ್ತು ಕ್ಯಾನಿನ ಭಾರ ಒಮ್ಮೆಲೇ ಕಾಲಿಗಿಳಿಯಿತು. ಒಂದು ವಾರದ ಚಿಂತೆಯೂ ಒಟ್ಟಿಗೆ ಹೊರಬಿತ್ತು. ಅವನು ಸುಸ್ ಎಂದು ಉಸಿರು ಬಿಟ್ಟು, ಮೆಲ್ಲಗೆ ಕೆಳಗಿಳಿದು, ಹಿಂದಿದ್ದ ಕಟ್ಟೆಯ ಮೇಲೆ ಕೂತುಬಿಟ್ಟ.

ಕೇಶರಬಾಯಿ ಇನ್ನೂ ನಿಂತೇ ಇದ್ದರು.

ಅಜ್ಜಿ ಕಾರನ್ನೊಮ್ಮೆ ನೋಡಿದರು, ಕಟ್ಟೆಯನ್ನೊಮ್ಮೆ ನೋಡಿದರು, ಕೊನೆಗೆ ನನ್ನನ್ನು ಕರೆದರು.

"ಮಾಸ್ತರ್ರೆ, ಆ ನೌಬಾದಿನ ಮಿಸ್ತ್ರಿ ಹಂತೇಲಿ ಇನ್ನೊಂದು ಸ್ಪ್ರಿಂಗ್ ಇದ್ರ ಕೇಳ್ರಿ. ನಮ್ಮ ಬೀಗರಿಗೂ ಹಾಕಸ್ಬೇಕು."